ಸೊಳ್ಳೆಯ ಗುಟ್ಟನ್ನು ಬಯಲಿಗೆಳೆದ ರೊನಾಲ್ಡ್ ರಾಸ್

ಅರಸರ ದಂಡಯಾತ್ರೆಗಳನ್ನು ನಾವು ಇತಿಹಾಸದ ತರಗತಿಯಲ್ಲಿ ತಾರೀಖು ಸಹಿತವಾಗಿ ಓದುತ್ತೇವೆ. ಆದರೆ ಯಾವ ದಂಡಿಗೂ ಮಣಿಯದೆ ಊರಿಗೆ ಊರನ್ನೇ ಬರಿದು ಮಾಡಿದ ಶತ್ರುವೊಂದರ ಪ್ರಸ್ತಾಪ ಆ ಪುಟಗಳಲ್ಲಿ ಬಹು ವಿರಳ. ಅದು ಮಲೇರಿಯಾ, ನಮ್ಮ ಹಿರಿಯರ ಮಾತಿನಲ್ಲಿ ಚಳಿಜ್ವರ. ಈ ಶತ್ರುವಿನ ಮನೆಯನ್ನು ಮೊದಲು ಪತ್ತೆಹಚ್ಚಿದ ಸರ್ ರೊನಾಲ್ಡ್ ರಾಸನ ಜೀವನವು ವೈದ್ಯವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸಬೇಕಾಗಿಲ್ಲ. ಜನ, ನೀರು, ನೆಲ, ರೋಗ ಇವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆಯೆಂಬುದನ್ನು ತಿಳಿಯಬಯಸುವ ನಮ್ಮಂಥ ಕಲಾವಿದ್ಯಾರ್ಥಿಗಳಿಗೂ ಅದರಲ್ಲಿ ಪಾಠವಿದೆ.

ರಾಸನು 1857ರ ಮೇ 13ರಂದು ಹಿಮಾಲಯದ ತಪ್ಪಲಿನ ಆಲ್ಮೋರದಲ್ಲಿ ಜನಿಸಿದನು. ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಕೇವಲ ಮೂರು ದಿನಗಳಾಗಿದ್ದವು. ತಂದೆ ಭಾರತದ ಸೈನ್ಯದಲ್ಲಿ ಅಧಿಕಾರಿ. ಹತ್ತು ಮಕ್ಕಳಲ್ಲಿ ಈತನೇ ಹಿರಿಯ. ಎಂಟನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋದನು. ಹುಡುಗನ ಮನಸ್ಸು ಕವಿತೆ, ಸಂಗೀತ, ಚಿತ್ರಕಲೆಗಳತ್ತ. ತಂದೆಯ ಹಠ ವೈದ್ಯವೃತ್ತಿಯತ್ತ. ಕೊನೆಗೆ ತಂದೆಯ ಮಾತೇ ಗೆದ್ದಿತು. ಮನಸ್ಸಿಲ್ಲದ ಮನಸ್ಸಿನಿಂದ ಓದಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದನು. ಆದರೂ ಕವಿತೆಯನ್ನು ಜೀವಮಾನವಿಡೀ ಬಿಡಲಿಲ್ಲ. ಗಣಿತವಂತೂ ಅವನಿಗೆ ಮತ್ತೊಂದು ಗೀಳಾಯಿತು.

ನಮ್ಮ ನಾಡಿನ ಸಂಬಂಧ ಅವನಿಗೆ ಬಹು ಬೇಗ ಒದಗಿತು. 1883ರಲ್ಲಿ ಅವನು ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಂಗಾಮಿ ವೈದ್ಯನಾಗಿದ್ದನು. ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಅಸಾಧ್ಯವಾಗಿತ್ತು. ಕಿಟಕಿಯ ಕೆಳಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ತುಂಬಿ ತುಳುಕುತ್ತಿದ್ದುದನ್ನು ಕಂಡು ಅದನ್ನು ಕವುಚಿ ಹಾಕಿಸಿದನು, ಕಾಟ ಕಡಿಮೆಯಾಯಿತು. ಅಧಿಕಾರಿಗಳ ಭೋಜನಶಾಲೆಯಲ್ಲಿಯೂ ಹೀಗೆಯೇ ಮಾಡೋಣವೆಂದಾಗ ಅಲ್ಲಿನ ಸೇನಾಧಿಕಾರಿ ಒಪ್ಪಲಿಲ್ಲ. ಸೃಷ್ಟಿಯ ನಿಯಮಕ್ಕೆ ಕೈಹಾಕುವುದು ಆತನಿಗೆ ಸರಿಕಾಣಲಿಲ್ಲ. ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಆಗ ರಾಸನಿಗೂ ತಿಳಿದಿರಲಿಲ್ಲ.

1880ರಲ್ಲಿಯೇ ಫ್ರೆಂಚ್ ವೈದ್ಯ ಲ್ಯಾವೆರಾನನು ಆಲ್ಜೀರಿಯಾದಲ್ಲಿ ರೋಗಿಗಳ ರಕ್ತದಲ್ಲಿ ಮಲೇರಿಯಾ ಜೀವಿಯನ್ನು ಕಂಡಿದ್ದನು. ಆದರೆ ಅದು ಒಬ್ಬನಿಂದ ಇನ್ನೊಬ್ಬನಿಗೆ ದಾಟುವ ಬಗೆ ಯಾರಿಗೂ ಗೊತ್ತಿರಲಿಲ್ಲ. ಮಲೇರಿಯಾ ಎಂಬ ಇಟಲಿಯ ಪದದ ಅರ್ಥವೇ ಕೆಟ್ಟ ಗಾಳಿ. ನನ್ನ ಅಜ್ಜಿಯೂ ಇದೇ ಮತದವಳು. ಶಾಲೆಯ ಮೆಟ್ಟಿಲು ಹತ್ತದ ಆಕೆ ಮುಸ್ಸಂಜೆಯ ಗಾಳಿ ಜ್ವರ ತರುತ್ತದೆಂದು ಇಂದಿಗೂ ಕಿಟಕಿ ಮುಚ್ಚಿಸುತ್ತಾಳೆ. ಕಾರಣ ತಪ್ಪಾದರೂ ಕೆಲಸ ಸರಿಯಾದುದೇ. ಗಾಳಿಯೊಡನೆ ಒಳಬರುತ್ತಿದ್ದ ಮತ್ತೊಂದನ್ನು ತೋರಿಸಿಕೊಡುವುದಷ್ಟೇ ಬಾಕಿಯಿತ್ತು.

1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯನು ಸೊಳ್ಳೆಯ ಮೇಲಿನ ತನ್ನ ಗುಮಾನಿಯನ್ನು ರಾಸನ ಕಿವಿಗೆ ಹಾಕಿದನು. ಮರುವರ್ಷ ಭಾರತಕ್ಕೆ ಮರಳಿದ ರಾಸನಿಗೆ ಅದೇ ಧ್ಯಾನ. ನಡುವೆ, ಕಾಲರಾ ಹಾವಳಿಯನ್ನು ಅಡಗಿಸಲು ಸರ್ಕಾರವು ಅವನನ್ನು ಮತ್ತೆ ಬೆಂಗಳೂರಿಗೆ ಕಳುಹಿಸಿತು. ಬಾವಿ, ಚರಂಡಿ, ಕಸಗಳ ನಡುವೆ ಓಡಾಡುತ್ತ ಆರೋಗ್ಯವೆಂಬುದು ಔಷಧಿಯ ಸೀಸೆಯಲ್ಲಿ ಮಾತ್ರ ಇಲ್ಲವೆಂಬುದನ್ನು ಅವನು ಕಣ್ಣಾರೆ ಕಂಡನು. 1897ರಲ್ಲಿ ನೀಲಗಿರಿಯ ಸೀಗೂರು ಘಾಟಿಗೆ ಹೋದಾಗ ಸ್ವತಃ ಅವನಿಗೇ ಮಲೇರಿಯಾ ತಗುಲಿತು.

ಅದೇ ವರ್ಷದ ಬೇಸಗೆ ಕಳೆದ ಮೇಲೆ ಸಿಕಂದರಾಬಾದಿನಲ್ಲಿ ನಡೆದ ದುಡಿಮೆ ಮೈನವಿರೇಳಿಸುವಂಥದು. ಬೀಸಣಿಗೆ ಬೀಸಿದರೆ ಕತ್ತರಿಸಿಟ್ಟ ಸೊಳ್ಳೆಗಳು ಹಾರಿಹೋಗುತ್ತವೆಂದು ಆ ಸೆಕೆಯಲ್ಲಿ ಬೀಸಣಿಗೆಯೂ ಇಲ್ಲ. ಬೆವರು ಹನಿಸಿ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಹುಸೇನ್ ಖಾನ್ ಎಂಬ ರೋಗಿಯು ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ತನ್ನ ಮೈಯನ್ನೊಡ್ಡಿದನು. ಹಾಗೆ ರಕ್ತ ಕುಡಿದ, ಚುಕ್ಕೆ ರೆಕ್ಕೆಯ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ 1897ರ ಆಗಸ್ಟ್ 20ರಂದು ರಾಸನು ಮಲೇರಿಯಾ ಜೀವಿಯ ಗುರುತನ್ನು ಕಂಡನು. ಅನಾಫಿಲಿಸ್ ಎಂದು ನಾವೀಗ ಕರೆಯುವ ಜಾತಿ ಇದೇ. ಆ ದಿನವನ್ನು ಇಂದಿಗೂ ವಿಶ್ವ ಸೊಳ್ಳೆ ದಿನವೆಂದು ಆಚರಿಸುತ್ತಾರೆ.

ಸ್ವಲ್ಪದರಲ್ಲಿಯೇ ಸರ್ಕಾರವು ಅವನನ್ನು ರಜಪುತಾನಕ್ಕೆ ವರ್ಗ ಮಾಡಿ, ಕೆಲಸಕ್ಕೆ ತಡೆಯಾಯಿತು. 1898ರಲ್ಲಿ ಕಲ್ಕತ್ತೆಗೆ ಬಂದ ರಾಸನು ಹಕ್ಕಿಗಳ ಮಲೇರಿಯಾವನ್ನು ಹಿಡಿದು ಪರೀಕ್ಷಿಸಿದನು. ರೋಗಜೀವಿಯು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಬಂದು, ಕಡಿತದೊಡನೆ ಆರೋಗ್ಯವಂತ ಹಕ್ಕಿಯ ಮೈಸೇರುವುದು ಆ ಜುಲೈ ತಿಂಗಳಲ್ಲಿ ಸಿದ್ಧವಾಯಿತು. ಸಹಾಯಕ ಮಹಮ್ಮದ್ ಬಕ್ಸನ ಶ್ರಮ ಇದರಲ್ಲಿ ಕಡಿಮೆಯದಲ್ಲ. 1902ರ ನೊಬೆಲ್ ಪಾರಿತೋಷಕ ರಾಸನಿಗೆ ಸಂದಿತು. ಹುಸೇನ್ ಖಾನ್, ಮಹಮ್ಮದ್ ಬಕ್ಸರ ಹೆಸರನ್ನು ಜಗತ್ತು ಮರೆತಿದ್ದರೂ ನಾವು ಮರೆಯಲಾಗದು. ರಾಸನಲ್ಲಿ ದೋಷವಿರಲಿಲ್ಲವೆಂದೂ ಅಲ್ಲ. ಮನುಷ್ಯರ ಮಲೇರಿಯಾವನ್ನು ಅನಾಫಿಲಿಸಿನಲ್ಲಿ ಪೂರ್ಣವಾಗಿ ತೋರಿಸಿದ ಇಟಲಿಯ ಗ್ರಾಸಿಯೊಡನೆ ಅವನು ಬಹುಕಾಲ ಕಟುವಾಗಿ ಜಗಳವಾಡಿದನು.

ಆದರೆ ರಾಸನ ನಿಜವಾದ ಹಿರಿಮೆ ಇರುವುದು ಈ ಶೋಧದ ಅನಂತರದ ಬದುಕಿನಲ್ಲಿ. 1899ರಲ್ಲಿ ಸೇವೆಯನ್ನು ಬಿಟ್ಟು ಲಿವರ್‌ಪೂಲಿನಲ್ಲಿ ಅಧ್ಯಾಪಕನಾದ ಅವನು ಸೊಳ್ಳೆಯ ವಿರುದ್ಧ ದೇಶದೇಶ ಸುತ್ತಿದನು. ಪಶ್ಚಿಮ ಆಫ್ರಿಕದ ಫ್ರೀಟೌನಿನಲ್ಲಿ ಹಿತ್ತಿಲುಗಳ ಒಡಕು ಡಬ್ಬಿ, ಸೀಸೆಗಳನ್ನು ಗಾಡಿಗಟ್ಟಲೆ ಸಾಗಿಸಿ, ನೀರು ನಿಂತ ಹೊಂಡಗಳನ್ನು ಮುಚ್ಚಿಸಿದನು. ಸೂಯೆಜ್ ಕಾಲುವೆಯ ಬದಿಯ ಇಸ್ಮಾಯಿಲಿಯಾ ಪಟ್ಟಣಕ್ಕೆ ಸಿಹಿನೀರಿನೊಡನೆ ಮಲೇರಿಯಾವೂ ಬಂದಿತ್ತು. 1901ರಲ್ಲಿ ಅಲ್ಲಿ ಸುಮಾರು 2,000 ಮಂದಿ ಜ್ವರಕ್ಕೆ ಬಿದ್ದಿದ್ದರು. ರಾಸನ ಸಲಹೆಯಂತೆ ನಿಂತ ನೀರನ್ನು ತೆಗೆದುಹಾಕಿದ ಮೇಲೆ 1903ರಲ್ಲಿ ಆ ಸಂಖ್ಯೆ 214ಕ್ಕೆ ಇಳಿಯಿತು.

ಎಲ್ಲೆಡೆಯೂ ಇಂಥ ಜಯ ದೊರೆಯಲಿಲ್ಲ. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಇತರರು ನಡೆಸಿದ ಪ್ರಯೋಗ ಸೋತಿತು. ಸುತ್ತಲೂ ನೀರಾವರಿ ಕಾಲುವೆಗಳಿದ್ದವು. ಒಂದಿಷ್ಟು ಜಾಗವನ್ನು ಒಣಗಿಸಿದರೆ ನೆರೆಯಿಂದ ಸೊಳ್ಳೆಗಳು ಹಾರಿ ಬರುತ್ತಿದ್ದವು. ಹಣ, ಕಾಲ, ಜಾಗ ಮೂರರಲ್ಲೂ ಜಿಪುಣತನ ಮಾಡಿ ಸೋತೆವೆನ್ನುವುದು ನ್ಯಾಯವಲ್ಲವೆಂದು ರಾಸನು ವಾದಿಸಿದನು. ಇಲ್ಲಿ ಒಂದು ಕಷ್ಟದ ಪ್ರಶ್ನೆಯಿದೆ. ಹೆಚ್ಚುವ ಜನಕ್ಕೆ ಅನ್ನ ಬೇಕು, ಅನ್ನಕ್ಕೆ ಕಾಲುವೆ ಬೇಕು, ಕಾಲುವೆಯ ನೀರು ಜೌಗಾದರೆ ಜ್ವರ ಬರುತ್ತದೆ. 1930ರ ದಶಕದಲ್ಲಿ ಕಾವೇರಿಯ ನಾಲೆ ಬಂದ ಮೇಲೆ ನಮ್ಮ ಮಂಡ್ಯದ ಸೀಮೆಯೂ ಈ ಕಷ್ಟವನ್ನು ಉಂಡಿತು. ನೀರು ತರುವವನೇ ನೀರು ಹರಿದುಹೋಗುವ ದಾರಿಯನ್ನೂ ಯೋಚಿಸಬೇಕೆಂಬುದೇ ಇದರ ನೀತಿ.

ಗಣಿತಪ್ರಿಯನಾದ ರಾಸನು ಇನ್ನೊಂದು ಮಹತ್ತ್ವದ ಮಾತನ್ನು ಕಂಡುಕೊಟ್ಟನು. ಸೊಳ್ಳೆಯೊಂದು ರೋಗಿಯನ್ನು ಕಡಿಯಬೇಕು, ಅನಂತರ ಹಲವು ದಿನ ಬದುಕಬೇಕು, ಮತ್ತೆ ಆರೋಗ್ಯವಂತನನ್ನು ಕಡಿಯಬೇಕು. ಆಗ ಮಾತ್ರ ರೋಗ ದಾಟುತ್ತದೆ. ಆದುದರಿಂದ ಕಡೆಯ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ. ಜನಸಂಖ್ಯೆಗೆ ಹೋಲಿಸಿದರೆ ಸೊಳ್ಳೆಗಳ ಪ್ರಮಾಣವು ಒಂದು ಮಿತಿಗಿಂತ ಕೆಳಗಿಳಿದರೆ ಸಾಕು, ರೋಗವು ತಾನಾಗಿಯೇ ಕ್ಷೀಣಿಸುತ್ತದೆ. ಬಡದೇಶಗಳಿಗೆ ಇದಕ್ಕಿಂತ ಧೈರ್ಯ ಕೊಡುವ ಲೆಕ್ಕ ಮತ್ತಾವುದಿದೆ?

ರಾಸನು 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡನು. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ಮಲೇರಿಯಾಕ್ಕೆ ತುತ್ತಾಗಿ, 8 ಲಕ್ಷ ಮಂದಿ ಸಾಯುತ್ತಿದ್ದರೆಂದು ಅಂದಾಜು. 1953ರಿಂದ ಡಿ.ಡಿ.ಟಿ. ಸಿಂಪಡಿಸಿದ್ದರ ಫಲವಾಗಿ 1960ರ ದಶಕದ ನಡುವಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿದಿತ್ತು. ಗೆದ್ದೆವೆಂದು ಮೈಮರೆತೆವು, ಸೊಳ್ಳೆಗಳೂ ಔಷಧಿಗೆ ಒಗ್ಗಿಕೊಂಡವು. 1976ರಲ್ಲಿ ಮತ್ತೆ 64 ಲಕ್ಷ ಮಂದಿ ಜ್ವರದಲ್ಲಿ ನಡುಗಿದರು. ಆಮೇಲೆ ಭಾರತ ಬಹಳಷ್ಟು ಚೇತರಿಸಿಕೊಂಡಿದ್ದರೂ ಜಗತ್ತಿನಲ್ಲಿ 2023ರ ಒಂದೇ ವರ್ಷ ಸುಮಾರು 6 ಲಕ್ಷ ಜನ ಈ ರೋಗದಿಂದ ಸತ್ತರು. ಅವರಲ್ಲಿ ಹೆಚ್ಚಿನವರು ಆಫ್ರಿಕದ ಪುಟ್ಟ ಮಕ್ಕಳು.

ರೋಗದ ಗುಟ್ಟು ತಿಳಿದು ನೂರಿಪ್ಪತ್ತೈದು ವರ್ಷಗಳ ಮೇಲೂ ಮಕ್ಕಳು ಸಾಯುತ್ತಿದ್ದಾರೆಂದರೆ ಅದಕ್ಕೆ ಹಣೆಬರಹವನ್ನಾಗಲಿ ಬಡವರ ಸಂಖ್ಯೆಯನ್ನಾಗಲಿ ದೂರಿ ಫಲವಿಲ್ಲ. ತಿಳಿವಳಿಕೆಯು ಪುಸ್ತಕದಿಂದ ಇಳಿದು ಚರಂಡಿಯವರೆಗೆ ಬರಬೇಕು. ಪದವಿ ಪಡೆದು ನಮ್ಮ ನಮ್ಮ ಊರುಗಳಿಗೆ ಹಿಂತಿರುಗುವ ನಾವು ಪಂಚಾಯಿತಿಯ ಕಟ್ಟೆಯ ಮೇಲೆ ಇಷ್ಟನ್ನಾದರೂ ತಿಳಿಯಹೇಳಿ, ನಿಂತ ನೀರಿಗೆ ದಾರಿ ಮಾಡಿಸಿದರೆ, ಅದೇ ಈ ಮಹನೀಯನಿಗೆ ಸಲ್ಲುವ ನಿಜವಾದ ಸ್ಮಾರಕ.