ಕೈರೋ ನಗರದ ಕ್ರೆಸ್‌ವೆಲ್

ಹಳೆಯ ಕಟ್ಟಡವೊಂದು ನೆಲಕ್ಕುರುಳಿದ ಮೇಲೆ ಅದು ಹೇಗಿತ್ತೆಂದು ಹೇಳಬಲ್ಲವು ಅದರ ಅಳತೆಗಳು ಮತ್ತು ಚಿತ್ರಗಳು ಮಾತ್ರ. ಈಜಿಪ್ಟ್, ಸಿರಿಯಾ, ಪ್ಯಾಲೆಸ್ಟೈನ್ ಮೊದಲಾದ ನಾಡುಗಳ ಇಸ್ಲಾಮೀ ಕಟ್ಟಡಗಳಿಗೆ ಅಂತಹ ದಾಖಲೆಯನ್ನು ಒದಗಿಸಲು ತಮ್ಮ ಬಾಳನ್ನೇ ಮುಡಿಪಾಗಿಟ್ಟವರು ಆಂಗ್ಲ ವಿದ್ವಾಂಸ ಕೆ. ಎ. ಸಿ. ಕ್ರೆಸ್‌ವೆಲ್.

ಕ್ರೆಸ್‌ವೆಲ್ಲರು 1879ರ ಸೆಪ್ಟೆಂಬರ್ 13ರಂದು ಲಂಡನ್ನಿನಲ್ಲಿ ಜನಿಸಿದರು. ಅವರು ಕಲಿತದ್ದು ವಿದ್ಯುತ್ ಎಂಜಿನಿಯರಿಂಗ್. ಹೊಟ್ಟೆಪಾಡಿಗೆ ಹಿಡಿದದ್ದು ಮೊದಲು ಕಂಪೆನಿಯ ಕೆಲಸ, ಅನಂತರ ಬ್ಯಾಂಕಿನ ಕೆಲಸ. ಆದರೆ ಅವರ ಮನಸ್ಸು ನೆಟ್ಟಿದ್ದುದು ಪೂರ್ವದೇಶಗಳ ಗುಮ್ಮಟಗಳಲ್ಲಿ. ಬಿಡುವಿನ ವೇಳೆಯಲ್ಲಿ ಗ್ರಂಥಗಳನ್ನು ಕೊಂಡು, ಓದಿ, ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಒಳಗೊಂದು, ಹೊರಗೊಂದು ಚಿಪ್ಪುಳ್ಳ ಪರ್ಷಿಯದ ಜೋಡಿ ಗುಮ್ಮಟದ ಮೂಲವನ್ನು ಕುರಿತು 1913ರಲ್ಲಿ ಲೇಖನವನ್ನೂ ಪ್ರಕಟಿಸಿದರು.

ಮೊದಲನೆಯ ಮಹಾಯುದ್ಧವು ಅವರನ್ನು ಪುಸ್ತಕದ ಕಟ್ಟಡಗಳಿಂದ ನಿಜವಾದ ಕಟ್ಟಡಗಳ ಬಳಿಗೆ ಕರೆದೊಯ್ದಿತು. 1916ರಲ್ಲಿ ವಾಯುದಳವನ್ನು ಸೇರಿ ಅವರು ಈಜಿಪ್ಟಿಗೆ ಬಂದರು. 1919ರಲ್ಲಿ ಸಿರಿಯಾ ಮತ್ತು ಪ್ಯಾಲೆಸ್ಟೈನ್ ಪ್ರದೇಶಗಳ ಪ್ರಾಚೀನ ಸ್ಮಾರಕಗಳ ತನಿಖಾಧಿಕಾರಿಯಾಗಿ ನೇಮಕಗೊಂಡು ಊರೂರು ಸುತ್ತಿದರು. ಮರುವರ್ಷ ಈಜಿಪ್ಟಿನ ದೊರೆ ಫುವಾದನ ಮುಂದೆ ಒಂದು ಯೋಜನೆಯನ್ನಿಟ್ಟರು: ಆ ದೇಶದ ಇಸ್ಲಾಮೀ ವಾಸ್ತುಶಿಲ್ಪದ ಸಮಗ್ರ ಚರಿತ್ರೆಯನ್ನು ಬರೆಯುವುದು. ದೊರೆಯ ಆಶ್ರಯ ದೊರೆಯಿತು. ಕ್ರೆಸ್‌ವೆಲ್ಲರು ಕೈರೋ ನಗರದಲ್ಲಿ ನೆಲೆಸಿದರು.

ಕಣ್ಣಾರೆ ಕಂಡು, ಅಳೆದು ನೋಡದೆ ಒಪ್ಪಿಕೊಳ್ಳುವುದು ಅವರ ಸ್ವಭಾವವಾಗಿರಲಿಲ್ಲ. ಗೋಡೆ, ಕಂಬ, ಕಮಾನುಗಳ ಅಳತೆ ತೆಗೆದು ನಕ್ಷೆ ಬರೆಯುತ್ತಿದ್ದರು. ಛಾಯಾಚಿತ್ರಗಳನ್ನು ತಾವೇ ತೆಗೆಯುತ್ತಿದ್ದರು. ಮುಸ್ಲಿಂ ವಾಸ್ತುಶಿಲ್ಪದ ಆರಂಭಯುಗವನ್ನು ಕುರಿತ ಅವರ ಬೃಹದ್‌ಗ್ರಂಥದ ಮೊದಲ ಸಂಪುಟ 1932ರಲ್ಲಿಯೂ ಎರಡನೆಯದು 1940ರಲ್ಲಿಯೂ ಹೊರಬಂದವು. ಜೆರೂಸಲೇಮಿನ ಬಂಡೆಯ ಗುಮ್ಮಟ, ಡಮಾಸ್ಕಸ್ಸಿನ ಮಹಾಮಸೀದಿ, ಕೈರೋದ ಇಬ್ನ್ ತೂಲೂನ್ ಮಸೀದಿ ಮುಂತಾದವುಗಳ ವಿವರಗಳು ಅವುಗಳಲ್ಲಿ ಅಡಕವಾಗಿವೆ. ಕಟ್ಟಡದ ಕಾಲವನ್ನೂ ರಚನೆಯನ್ನೂ ನಿರ್ಣಯಿಸುವುದರಲ್ಲಿ ಅವರು ಅಸಾಧಾರಣರು. ಅದನ್ನು ಕಟ್ಟಿಸಿದವರ ಬದುಕು, ಬಳಸಿದವರ ಭಾವನೆ ಇವುಗಳತ್ತ ಅವರ ಗಮನ ಕಡಿಮೆಯೆಂದು ಅನಂತರದ ವಿದ್ವಾಂಸರು ಹೇಳಿದ್ದುಂಟು. ಆ ಮಾತು ಸುಳ್ಳಲ್ಲ. ಆದರೆ ಹಾಗೆ ಹೇಳಿದವರೂ ಅವರ ನಕ್ಷೆಗಳನ್ನು ನೋಡದೆ ಮುಂದುವರಿಯಲಾಗಲಿಲ್ಲ.

1956ರಲ್ಲಿ ಈ ಶ್ರಮಕ್ಕೆಲ್ಲ ಗಂಡಾಂತರ ಒದಗಿತು. ಸೂಯೆಜ್ ಕಾಲುವೆಯ ವಿಚಾರದಲ್ಲಿ ಬ್ರಿಟನ್ ಈಜಿಪ್ಟಿನ ಮೇಲೆ ದಾಳಿ ಮಾಡಿದುದರಿಂದ ಬ್ರಿಟಿಷರು ಆ ದೇಶವನ್ನು ಬಿಡಬೇಕಾಯಿತು. ಆಗ ಕ್ರೆಸ್‌ವೆಲ್ಲರಿಗೆ ಎಪ್ಪತ್ತೇಳು ವರ್ಷ. ಜೀವಮಾನವೆಲ್ಲ ಒಂದೊಂದಾಗಿ ಕೂಡಿಸಿದ ಗ್ರಂಥಭಂಡಾರ ಕೈತಪ್ಪುವ ಭಯ ಎದುರಾಯಿತು. ಕೊನೆಗೆ ಅದು ಕೈರೋದ ಅಮೆರಿಕನ್ ವಿಶ್ವವಿದ್ಯಾನಿಲಯದ ಆಶ್ರಯವನ್ನು ಸೇರಿತು. ಕ್ರೆಸ್‌ವೆಲ್ಲರೂ ಅಲ್ಲಿಯೇ ಪ್ರಾಧ್ಯಾಪಕರಾಗಿ, ತಮ್ಮ ಪುಸ್ತಕಗಳ ನಡುವೆಯೇ ಉಳಿದರು. ಅಲ್ಲಿದ್ದಾಗಲೇ, 1961ರಲ್ಲಿ, ಇಸ್ಲಾಮೀ ಕಲೆ ಮತ್ತು ವಾಸ್ತುಶಿಲ್ಪಗಳ ಬಗ್ಗೆ ಪ್ರಕಟವಾದ ಬರಹಗಳ ಮಹಾಸೂಚಿಯನ್ನು ಹೊರತಂದರು. ದಶಕಗಳ ಕಾಲ ತಾಳ್ಮೆಯಿಂದ ಸಿದ್ಧಪಡಿಸಿದ ಸೂಚಿಯದು.

1970ರಲ್ಲಿ ಅವರಿಗೆ ಬ್ರಿಟನ್ನಿನ ನೈಟ್ ಪದವಿ ಲಭಿಸಿತು. ಆರೋಗ್ಯ ಕುಂದಿದ ಮೇಲೆ, 1973ರಲ್ಲಿ, ಸ್ವದೇಶಕ್ಕೆ ಮರಳಿದ ಅವರು 1974ರ ಏಪ್ರಿಲ್ 8ರಂದು ನಿಧನರಾದರು. ಪುಸ್ತಕಗಳು ಕೈರೋದಲ್ಲಿಯೇ ಉಳಿದವು. ಛಾಯಾಚಿತ್ರಗಳು ಅಲ್ಲಿಯಲ್ಲದೆ ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯ, ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಮೊದಲಾದೆಡೆಗಳಲ್ಲಿಯೂ ಇವೆ.

ಕೈರೋದಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆ ಕಟ್ಟಿದ ಅಲ್ ಹಾಕಿಮ್ ಮಸೀದಿಯಿದೆ. ಕ್ರೆಸ್‌ವೆಲ್ಲರು ಅದನ್ನು ಅಳೆದಾಗ ಅದರ ಬಹುಭಾಗ ಪಾಳುಬಿದ್ದಿತ್ತು. ಭಾರತದ ದಾವೂದಿ ಬೋಹ್ರಾ ಸಮಾಜದವರು ಅದನ್ನು ಜೀರ್ಣೋದ್ಧಾರ ಮಾಡಿಸಿದರು. 1980ರಲ್ಲಿ ಆ ಕಾರ್ಯ ಮುಗಿಯಿತು. ಇಂದು ಅಲ್ಲಿಗೆ ಹೋದವರ ಕಣ್ಣಿಗೆ ಬೀಳುವುದು ಹೊಳೆಯುವ ಅಮೃತಶಿಲೆಯ ಅಂಗಳ. ಅದಕ್ಕೆ ಮುಂಚಿನ ಕಂಬಸಾಲುಗಳನ್ನೂ ಮುರಿದ ಕಮಾನುಗಳನ್ನೂ ಕಾಣಬೇಕೆನ್ನುವವರು ಕ್ರೆಸ್‌ವೆಲ್ಲರ ಚಿತ್ರಗಳನ್ನು ತೆರೆದು ನೋಡುತ್ತಾರೆ.