ಅಂತ್ಯದ ನಿರೀಕ್ಷೆಯಲ್ಲಿ ದಿನದ ಕರ್ತವ್ಯ: ಮಹಾ ಸಂತ ಗ್ರೆಗೋರಿ

ಲೋಕ ಇನ್ನೇನು ಮುಗಿಯಿತು ಎಂಬ ಸುದ್ದಿ ಆಗಾಗ ನಮ್ಮ ಊರುಗಳಿಗೂ ಬರುತ್ತದೆ. 1999ರ ಕೊನೆಯಲ್ಲಿ ಬಂದಿತ್ತು, 2012ರಲ್ಲಿ ಬಂದಿತ್ತು. 2020ರಲ್ಲಿ ಕೊರೊನಾ ಪಿಡುಗಿನಿಂದ ದೇವಾಲಯಗಳ ಬಾಗಿಲುಗಳೇ ಮುಚ್ಚಿದಾಗ ಮತ್ತೆ ಬಂತು. ಭಯ ಹುಟ್ಟಿದಾಗ ಜಪಸರ ಕೈಗೆ ಬರುತ್ತದೆ. ಭಯ ಕಳೆದ ಮೇಲೆ ಅದು ಮರಳಿ ಗೋಡೆಯ ಮೊಳೆಗೆ ಹೋಗುತ್ತದೆ. ಇದು ಕಡೆಯ ಕಾಲವೇ ಸ್ವಾಮಿ ಎಂದು ಕೇಳುವವರೊಡನೆ ನಾನು ದಿನಾಂಕದ ಮಾತು ಆಡುವುದಿಲ್ಲ. ಆ ದಿನವೂ ಗಳಿಗೆಯೂ ಪಿತನಿಗೆ ಮಾತ್ರ ಗೊತ್ತು ಎಂದು ಯೇಸುಸ್ವಾಮಿಯೇ ತಿಳಿಸಿದ್ದಾರೆ. ಅದರ ಬದಲು, ಲೋಕಾಂತ್ಯ ಹತ್ತಿರವಾಯಿತೆಂದು ನಿಜವಾಗಿಯೂ ನಂಬಿ ಬಾಳಿದ ಒಬ್ಬ ಸಂತರ ಕಥೆ ಹೇಳುತ್ತೇನೆ. ಅವರೇ ಸೆಪ್ಟೆಂಬರ್ 3ರಂದು ನಾವು ಸ್ಮರಿಸುವ ಪೋಪ್ ಮಹಾ ಸಂತ ಗ್ರೆಗೋರಿ.

ಅಧಿಕಾರದಿಂದ ಮಠಕ್ಕೆ

ಗ್ರೆಗೋರಿಯವರು ಸುಮಾರು 540ರಲ್ಲಿ ರೋಮ್ ನಗರದ ಒಂದು ಶ್ರೀಮಂತ ಮನೆತನದಲ್ಲಿ ಹುಟ್ಟಿದರು. ತಂದೆ ಗೋರ್ಡಿಯಾನುಸ್, ತಾಯಿ ಸಿಲ್ವಿಯಾ. ಆ ತಾಯಿಯನ್ನೂ ಧರ್ಮಸಭೆ ಸಂತರೆಂದು ಗೌರವಿಸುತ್ತದೆ. ಒಂದು ಕಾಲಕ್ಕೆ ಲೋಕವನ್ನೇ ಆಳಿದ ರೋಮ್, ಅವರ ಬಾಲ್ಯದಲ್ಲೇ ಯುದ್ಧಗಳಿಂದ ಹಾಳು ಸುರಿಯುತ್ತಿತ್ತು. ಸುಮಾರು 573ರಲ್ಲಿ ಅವರು ನಗರದ ಮುಖ್ಯಾಧಿಕಾರಿಯಾದರು. ಕಣಜ, ನೀರು, ಕಾವಲು, ಖಜಾನೆ, ಎಲ್ಲದರ ಆಡಳಿತ ಕಲಿತರು. ಆದರೆ ಮನಸ್ಸು ಬೇರೆ ಕಡೆ ಇತ್ತು. ತಂದೆ ತೀರಿಕೊಂಡ ಮೇಲೆ ಪದವಿಯನ್ನು ತೊರೆದು, ಸೀಲಿಯನ್ ಗುಡ್ಡದ ಮೇಲಿದ್ದ ತಮ್ಮ ಮನೆಯನ್ನೇ ಸಂತ ಅಂದ್ರೆಯರ ಹೆಸರಿನ ಮಠವನ್ನಾಗಿ ಮಾಡಿದರು. ಸಿಸಿಲಿ ದ್ವೀಪದಲ್ಲಿದ್ದ ತಮ್ಮ ಆಸ್ತಿಯಿಂದ ಇನ್ನೂ ಆರು ಮಠಗಳನ್ನು ಕಟ್ಟಿಸಿ, ತಾವೂ ಒಬ್ಬ ಸನ್ಯಾಸಿಯಾಗಿ ಪ್ರಾರ್ಥನೆಯಲ್ಲಿ ಕುಳಿತರು.

ಆ ಶಾಂತಿ ಬಹಳ ಕಾಲ ಉಳಿಯಲಿಲ್ಲ. ಧರ್ಮಸಭೆ ಅವರನ್ನು ಡೀಕನ್ ಆಗಿ ನೇಮಿಸಿ, ಚಕ್ರವರ್ತಿಯ ಬಳಿಗೆ ಪೋಪರ ಪ್ರತಿನಿಧಿಯಾಗಿ ಕಾನ್‌ಸ್ಟಾಂಟಿನೋಪಲ್‌ಗೆ ಕಳುಹಿಸಿತು. ಅಲ್ಲಿ ಸುಮಾರು ಆರು ವರ್ಷ ಇದ್ದು, ಜೊತೆಯಲ್ಲಿದ್ದ ಸನ್ಯಾಸಿಗಳಿಗೆ ಯೋಬನ ಗ್ರಂಥವನ್ನು ವಿವರಿಸಿದರು. ಕಷ್ಟಪಟ್ಟ ನೀತಿವಂತನ ಆ ಗ್ರಂಥ ಮುಂದೆ ಅವರ ಬದುಕಿಗೇ ಬೇಕಾಯಿತು.

ನೆರೆ, ಪಿಡುಗು, ಪೋಪ್ ಪದವಿ

589ರಲ್ಲಿ ಟೈಬರ್ ನದಿ ಉಕ್ಕಿ ರೋಮಿನೊಳಗೆ ನುಗ್ಗಿತು. ಧರ್ಮಸಭೆಯ ಕಣಜಗಳಲ್ಲಿದ್ದ ಧಾನ್ಯ ನೀರುಪಾಲಾಯಿತು. ಅದರ ಬೆನ್ನಿಗೇ ಪ್ಲೇಗು ಬಂತು. 590ರ ಆರಂಭದಲ್ಲಿ ಪೋಪ್ ಎರಡನೆಯ ಪೆಲಾಜಿಯುಸರೇ ಆ ರೋಗಕ್ಕೆ ಬಲಿಯಾದರು. ಜನರೂ ಗುರುಗಳೂ ಒಮ್ಮನಸ್ಸಿನಿಂದ ಗ್ರೆಗೋರಿಯವರನ್ನು ಆರಿಸಿದರು. ಅವರು ಹೆದರಿ, ಈ ಆಯ್ಕೆಯನ್ನು ಒಪ್ಪಬಾರದೆಂದು ಚಕ್ರವರ್ತಿಗೆ ಪತ್ರ ಬರೆದರು. ನಗರದ ಅಧಿಕಾರಿ ಆ ಪತ್ರವನ್ನು ದಾರಿಯಲ್ಲೇ ತಡೆದುಬಿಟ್ಟ ಎಂದು ಆ ಕಾಲದ ಚರಿತ್ರಕಾರರು ಹೇಳುತ್ತಾರೆ.

ಒಪ್ಪಿಗೆ ಬರುವವರೆಗೂ ಗ್ರೆಗೋರಿಯವರು ಕೈಕಟ್ಟಿ ಕೂರಲಿಲ್ಲ. ನಗರದ ಜನರನ್ನು ಏಳು ಗುಂಪುಗಳಾಗಿ ಮಾಡಿ ಪಶ್ಚಾತ್ತಾಪದ ಮೆರವಣಿಗೆ ನಡೆಸಿದರು. ಪ್ರಾರ್ಥಿಸುತ್ತಾ ನಡೆಯುತ್ತಿದ್ದವರಲ್ಲೇ 80 ಮಂದಿ ಕುಸಿದು ಸತ್ತರೆಂದು ದಾಖಲೆಯಿದೆ. ಆದರೂ ಮೆರವಣಿಗೆ ನಿಲ್ಲಲಿಲ್ಲ. ಆ ವರ್ಷದ ಸೆಪ್ಟೆಂಬರ್ 3ರಂದು ಅವರ ಅಭಿಷೇಕವಾಯಿತು.

ಹೊಸದಾಗಿ ಪೋಪರಾದ ಅವರು ಆಗಮನ ಕಾಲದ ಒಂದು ಭಾನುವಾರ ಸಂತ ಪೇತ್ರರ ದೇವಾಲಯದಲ್ಲಿ ಪ್ರಬೋಧನೆ ನೀಡಿದರು. ಸೂರ್ಯ ಚಂದ್ರರಲ್ಲಿ ಕಾಣುವ ಸೂಚನೆಗಳನ್ನು ತಿಳಿಸುವ ಲೂಕನ ಶುಭಸಂದೇಶವೇ ಅಂದಿನ ವಾಚನ. ಒಂದೆರಡು ದಿನಗಳ ಹಿಂದೆಯಷ್ಟೇ ಬಿರುಗಾಳಿ ಬೀಸಿ ಮರಗಳು ಬುಡಮೇಲಾಗಿದ್ದವು, ಮನೆಗಳು ಬಿದ್ದಿದ್ದವು. ಆ ಸಂಜೆ ನಾಳೆಯ ಕೆಲಸದ ಯೋಚನೆಯಲ್ಲಿದ್ದ ಎಷ್ಟೋ ಜನ ಅದೇ ರಾತ್ರಿ ಗೋಡೆಯಡಿ ಸತ್ತುಹೋದುದನ್ನು ಅವರು ನೆನಪಿಸಿದರು. ಲೋಕ ಮುದಿಯಾಗಿದೆ, ಅದರ ಅಂತ್ಯ ಸಮೀಪಿಸಿದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಹಾಗೆ ನಂಬಿದವರು ಮರುದಿನ ಬೆಳಿಗ್ಗೆ ಎದ್ದು ಏನು ಮಾಡಿದರು? ನಾವು ಕಲಿಯಬೇಕಾದ ಪಾಠ ಇಲ್ಲಿದೆ.

ಕೊಳಗ ಒಡೆಸಿದ ಸಂತರು

ಗ್ರೆಗೋರಿಯವರು ಲೆಕ್ಕದ ಪುಸ್ತಕ ತೆರೆದರು. ರೋಮಿನ ಬಡವರ ಹೆಸರುಗಳ ಪಟ್ಟಿ ಮಾಡಿಸಿ, ಕಾಳು, ದ್ರಾಕ್ಷಾರಸ, ಎಣ್ಣೆ, ಮೀನುಗಳನ್ನು ಕಾಲಕಾಲಕ್ಕೆ ಹಂಚಿಸಿದರು. ರೋಗಿಗಳಿಗೆ ಬೇಯಿಸಿದ ಊಟ ಬೀದಿಬೀದಿಗೆ ಹೋಗುತ್ತಿತ್ತು. ಕೈಚಾಚಲು ನಾಚುವ ಮಾನವಂತರ ಮನೆಗೆ, ತಾವು ಊಟಕ್ಕೆ ಕೂರುವ ಮೊದಲೇ ತಮ್ಮ ಅಡುಗೆಯಿಂದ ಒಂದು ಪಾತ್ರೆ ಕಳುಹಿಸುತ್ತಿದ್ದರು. ಒಂದು ಸಲ ನಗರದ ಮೂಲೆಯೊಂದರಲ್ಲಿ ಒಬ್ಬ ಭಿಕ್ಷುಕ ಸತ್ತುಬಿದ್ದಿದ್ದನಂತೆ. ಹಸಿವಿನಿಂದಲೇ ಸತ್ತಿರಬೇಕೆಂದು ನೊಂದು, ಅವನನ್ನು ತಮ್ಮ ಕೈಯಾರೆ ಕೊಂದವರಂತೆ ಅವರು ಕೆಲವು ದಿನ ಬಲಿಪೂಜೆ ಅರ್ಪಿಸದೆ ಉಳಿದರೆಂದು ಅವರ ಚರಿತ್ರೆ ಬರೆದವರು ತಿಳಿಸುತ್ತಾರೆ. ಪ್ಲೇಗಿನಲ್ಲಿ ಸಾವಿರಾರು ಮಂದಿ ಸತ್ತ ಊರಿನಲ್ಲಿ ಒಬ್ಬ ಭಿಕ್ಷುಕನ ಸಾವಿಗೆ ಅವರು ತಮ್ಮಿಂದಲೇ ಲೆಕ್ಕ ಕೇಳಿಕೊಂಡರು.

ಅವರು ಬರೆದ ಸುಮಾರು 850 ಪತ್ರಗಳು ಉಳಿದಿವೆ. ಅವುಗಳಲ್ಲಿ ದೇವಶಾಸ್ತ್ರದಷ್ಟೇ ಹೊಲ, ಗೇಣಿ, ದನಕರುಗಳ ಮಾತೂ ಇದೆ. ಸಿಸಿಲಿಯ ಧರ್ಮಸಭೆಯ ಜಮೀನುಗಳಲ್ಲಿ ಗೇಣಿದಾರರಿಂದ ಧಾನ್ಯ ಅಳೆದುಕೊಳ್ಳುವಾಗ ಕೆಲವರು ಅಳತೆ ಮೀರಿದ ದೊಡ್ಡ ಕೊಳಗ ಬಳಸುತ್ತಿದ್ದರು. ಪೋಪರಾದ ಹೊಸದರಲ್ಲೇ ಅದನ್ನು ತಡೆದು ಮೇಲ್ವಿಚಾರಕ ಪೇತ್ರನಿಗೆ ಪತ್ರ ಬರೆದರು. ಅದೇ ಪೇತ್ರ ಒಮ್ಮೆ ಒಂದು ಬಡಕಲು ಕುದುರೆಯನ್ನೂ ಐದು ಒಳ್ಳೆಯ ಕತ್ತೆಗಳನ್ನೂ ಕಳುಹಿಸಿದಾಗ, ಕುದುರೆ ಕೆಟ್ಟದ್ದೆಂದು ಹತ್ತಲಾಗದು, ಕತ್ತೆಗಳು ಒಳ್ಳೆಯವಾದರೂ ಕತ್ತೆಗಳಾದ್ದರಿಂದ ಹತ್ತಲಾಗದು ಎಂದು ತಮಾಷೆಯಾಗಿ ಗದರಿದರು. ಅಂತ್ಯಕಾಲದ ಯೋಚನೆ ಅವರ ನಗುವನ್ನು ಕಸಿದುಕೊಂಡಿರಲಿಲ್ಲ.

ಜೀವನದ ಕೊನೆಯ ವರ್ಷಗಳಲ್ಲಿ, ಹಾಸಿಗೆ ಹಿಡಿದಿದ್ದಾಗಲೂ ಈ ಕೊಳಗದ ವಿಷಯವನ್ನು ಅವರು ಬಿಡಲಿಲ್ಲ. ಇನ್ನೊಬ್ಬ ಮೇಲ್ವಿಚಾರಕ ಅಂಥ ಕಳ್ಳ ಕೊಳಗವನ್ನು ಒಡೆದುಹಾಕಿದನೆಂದು ಕೇಳಿ ಸಂತೋಷಪಟ್ಟರು. ಆದರೆ ಅಷ್ಟು ಸಾಲದು ಎಂದರು. ರೈತರಿಂದ ಹೆಚ್ಚಾಗಿ ಕಿತ್ತುಕೊಂಡದ್ದು ಎಷ್ಟೆಂದು ಲೆಕ್ಕ ಹಾಕಿ, ಆ ಹಣದಿಂದ ಹಸು, ಕುರಿ, ಹಂದಿಗಳನ್ನು ಕೊಂಡು ಬಡ ರೈತರಿಗೆ ಹಂಚಬೇಕೆಂದು ಆಜ್ಞಾಪಿಸಿದರು. ನ್ಯಾಯಾಧಿಪತಿಯಾದ ಕ್ರಿಸ್ತರ ಮುಂದೆ ಧರ್ಮಸಭೆಯ ಕೈಯಲ್ಲಿ ಮೋಸದ ಅಳತೆ ಇರಬಾರದು ಎಂಬುದೇ ಅವರ ಚಿಂತೆ.

ಮುತ್ತಿಗೆಯ ನಡುವೆ ಬಿತ್ತನೆ

593ರಲ್ಲಿ ಲೊಂಬಾರ್ಡ್ ರಾಜ ಅಜಿಲುಲ್ಫ್ ರೋಮಿಗೆ ಮುತ್ತಿಗೆ ಹಾಕಿದ. ಕೈ ಕತ್ತರಿಸಲ್ಪಟ್ಟವರು ಊರಿಗೆ ಮರಳುವುದನ್ನು, ರೋಮಿನ ಜನ ಕುತ್ತಿಗೆಗೆ ಹಗ್ಗ ಬಿಗಿಸಿಕೊಂಡು ನಾಯಿಗಳಂತೆ ಮಾರಾಟಕ್ಕೆ ಹೋಗುವುದನ್ನು ಗ್ರೆಗೋರಿಯವರು ನೋಡಿದರು. ಯೆಜೆಕಿಯೇಲನ ಗ್ರಂಥದ ಮೇಲಿನ ಪ್ರಬೋಧನೆಗಳನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆಗ ಮಾತು ನಿಂತಿತು, ಕೆಲಸ ನಿಲ್ಲಲಿಲ್ಲ. ಸೆರೆಯಾದವರನ್ನು ಬಿಡಿಸಲು ಹಣ ಹೊಂದಿಸಿದರು, ಶತ್ರುವಿನೊಡನೆ ಸಂಧಾನಕ್ಕೆ ವರ್ಷಗಟ್ಟಲೆ ದುಡಿದರು.

ಮುತ್ತಿಗೆಯಾಗಿ ಮೂರೇ ವರ್ಷಕ್ಕೆ, 596ರಲ್ಲಿ, ತಮ್ಮ ಮಠದ ಅಗಸ್ಟಿನ್ ಎಂಬ ಸನ್ಯಾಸಿಯನ್ನು ಸಂಗಡಿಗರೊಡನೆ ಇಂಗ್ಲೆಂಡಿಗೆ ಕಳುಹಿಸಿದರು. ಅವರು ದಾರಿಯಲ್ಲಿ ಹೆದರಿ ಹಿಂದಿರುಗಲು ನೋಡಿದಾಗ ಧೈರ್ಯ ತುಂಬಿ ಮುಂದಕ್ಕೆ ಕಳುಹಿಸಿದರು. 597ರಲ್ಲಿ ಅವರು ಕೆಂಟ್ ತಲುಪಿದರು. ಅಲ್ಲಿನ ರಾಜ ಎಥೆಲ್ಬರ್ಟ್ ಕ್ರಿಸ್ತವಿಶ್ವಾಸಿಯಾದ. 601ರಲ್ಲಿ ಆ ರಾಜನಿಗೆ ಬರೆದ ಪತ್ರದಲ್ಲೂ ಗ್ರೆಗೋರಿಯವರು ಅಂತ್ಯ ಸಮೀಪಿಸಿದೆ, ಸೂಚನೆಗಳನ್ನು ಕಂಡು ಗಾಬರಿಪಡದೆ ಎಚ್ಚರವಾಗಿರು ಎಂದು ತಿಳಿಸಿದರು. ಅಂತ್ಯ ಹತ್ತಿರವಿದ್ದರೆ ಹೊಸ ಹೊಲದಲ್ಲಿ ಬಿತ್ತುವುದೇಕೆ? ಬೆಳೆ ಯಾರ ಕಾಲಕ್ಕೆ ಬರುತ್ತದೆಂಬುದು ಯಜಮಾನನ ಚಿಂತೆ, ಬಿತ್ತುವುದು ಸೇವಕನ ಕೆಲಸ ಎಂಬಂತೆ ಅವರು ನಡೆದುಕೊಂಡರು. ದೇವರ ದಾಸರ ದಾಸ ಎಂದು ತಮ್ಮನ್ನು ಕರೆದುಕೊಂಡವರಿಗೆ ಅದು ಸಹಜವೇ ಆಗಿತ್ತು.

ಹೊಟ್ಟೆನೋವು, ಕೀಲುವಾತ ಅವರನ್ನು ವರ್ಷಗಟ್ಟಲೆ ಕಾಡಿದವು. ಹಬ್ಬದ ದಿನಗಳಲ್ಲೂ ಮೂರು ಗಂಟೆ ಎದ್ದು ನಿಲ್ಲುವುದೇ ಕಷ್ಟವಾಯಿತು. 604ರ ಮಾರ್ಚ್ 12ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು.

ನಮ್ಮ ಮನೆಯ ಕೊಳಗ

ಲೋಕ ಅಂದು ಮುಗಿಯಲಿಲ್ಲ. ಅವರು ತೀರಿಕೊಂಡು 1400 ವರ್ಷಗಳ ಮೇಲಾಯಿತು. ಕಾಲದ ಅಂದಾಜು ತಪ್ಪಿತು, ಆದರೆ ಅವರ ಒಂದು ದಿನವೂ ವ್ಯರ್ಥವಾಗಲಿಲ್ಲ. ಬಲಿಪೂಜೆಯ ಪ್ರಾರ್ಥನೆಗಳಲ್ಲಿ ಅವರ ಕೈವಾಡ ಇಂದಿಗೂ ಇದೆ. ಮೃತರಿಗಾಗಿ ನಾವು ಅರ್ಪಿಸುವ ಮೂವತ್ತು ದಿನಗಳ ಗ್ರೆಗೋರಿಯನ್ ಪೂಜೆಗಳು ಅವರ ಹೆಸರನ್ನೇ ಹೊತ್ತಿವೆ. ಒಂದು ವೇಳೆ ಅಂತ್ಯ ಅವರ ಕಾಲದಲ್ಲೇ ಬಂದಿದ್ದರೂ, ಪ್ರಭು ಅವರನ್ನು ಕಾಣುತ್ತಿದ್ದುದು ಅದೇ ಕೆಲಸದಲ್ಲಿ: ಬಡವನಿಗೆ ಊಟ ಕಳುಹಿಸುತ್ತಾ, ಅಳತೆಯನ್ನು ಸರಿಪಡಿಸುತ್ತಾ.

ಪ್ರಿಯ ಓದುಗರೇ, ಲೋಕದ ಅಂತ್ಯ ಎಂದೋ, ನಮ್ಮ ನಮ್ಮ ಅಂತ್ಯವಂತೂ ದೂರವಿಲ್ಲ. ಇಂದು ರಾತ್ರಿ ಕುಟುಂಬದ ಪ್ರಾರ್ಥನೆ ಮುಗಿದ ಮೇಲೆ ಒಂದು ಗಳಿಗೆ ನಮ್ಮ ಮನೆಯ ಕೊಳಗವನ್ನು ನೋಡಿಕೊಳ್ಳೋಣ. ಕೆಲಸದವಳ ಸಂಬಳ ಬಾಕಿ ಇದೆಯೇ? ತಮ್ಮನ ಪಾಲಿನ ಜಮೀನು ನಮ್ಮ ಬೇಲಿಯೊಳಗೆ ಸೇರಿದೆಯೇ? ಒಳಕೋಣೆಯಲ್ಲಿ ಮಲಗಿರುವ ಅಜ್ಜಿಯ ಬಳಿ ಇವತ್ತು ಯಾರಾದರೂ ಕುಳಿತರೇ? ತಪ್ಪಿದ್ದರೆ ಕೊಳಗ ಒಡೆದರೆ ಸಾಲದು, ಕಿತ್ತುಕೊಂಡದ್ದನ್ನು ಹಿಂದಿರುಗಿಸಲೂ ಬೇಕು. ಅಷ್ಟು ಮಾಡಿ ಮಲಗಿದವನಿಗೆ ಪ್ರಭು ನಡುರಾತ್ರಿ ಬಾಗಿಲು ತಟ್ಟಿದರೂ ಭಯವಿಲ್ಲ. ಮಹಾ ಸಂತ ಗ್ರೆಗೋರಿಯವರು ನಮಗಾಗಿ ಪ್ರಾರ್ಥಿಸಲಿ.