ಜಾನ್ ವಾನ್ ನಾಯ್ಮನ್

ಜಾನ್ ವಾನ್ ನಾಯ್ಮನ್ (ಡಿಸೆಂಬರ್ 28, 1903 – ಫೆಬ್ರವರಿ 8, 1957) ಬುಡಾಪೆಸ್ಟ್‌ನಲ್ಲಿ ಜನಿಸಿದ ಅಮೆರಿಕದ ಗಣಿತಜ್ಞರು. ಇವರ ಕಾಲದ ಗಣಕಯಂತ್ರಗಳಲ್ಲಿ ಸಾವಿರಾರು ನಿರ್ವಾತ ನಳಿಕೆಗಳಿದ್ದು, ಒಂದು ಕೆಟ್ಟರೂ ಲೆಕ್ಕ ತಪ್ಪುವ ಭಯವಿತ್ತು. ಕೆಡಬಲ್ಲ ಬಿಡಿಭಾಗಗಳಿಂದಲೇ ನಂಬಲರ್ಹ ಯಂತ್ರವನ್ನು ಕಟ್ಟುವ ಬಗೆಯನ್ನು ಇವರು 1952ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಉಪನ್ಯಾಸಗಳಲ್ಲಿ ವಿವರಿಸಿದರು. ಒಂದೇ ಕೆಲಸವನ್ನು ಮೂರು ಭಾಗಗಳಿಗೆ ವಹಿಸಿ, ಬಹುಮತದ ಉತ್ತರವನ್ನು ಸ್ವೀಕರಿಸುವುದು ಇದರ ತಿರುಳು. ಪ್ರತಿಯೊಂದೂ ಸ್ವತಂತ್ರವಾಗಿ 100ಕ್ಕೆ 1 ಬಾರಿ ತಪ್ಪುವುದಾದರೆ, ಬಹುಮತ ತಪ್ಪುವುದು 10,000ಕ್ಕೆ ಸುಮಾರು 3 ಬಾರಿ ಮಾತ್ರ. ಮತ ಎಣಿಸುವ ಭಾಗವೂ ಕೆಡಬಲ್ಲದೆಂದು ಮನಗಂಡು, ಒಂದು ತಂತಿಯ ಬದಲು ತಂತಿಗಳ ಕಂತೆಯನ್ನೇ ಬಳಸುವ ಕ್ರಮವನ್ನು ರೂಪಿಸಿದ್ದು ಇವರ ಹೆಚ್ಚುಗಾರಿಕೆ.

1955ರಲ್ಲಿ ಇವರಿಗೆ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಮಿದುಳನ್ನು ಗಣಕದೊಂದಿಗೆ ಹೋಲಿಸಿ ಯೇಲ್ ವಿಶ್ವವಿದ್ಯಾಲಯಕ್ಕಾಗಿ ಬರೆಯುತ್ತಿದ್ದ ಉಪನ್ಯಾಸಗಳು ಅಪೂರ್ಣವಾಗಿಯೇ ಉಳಿದು, 1958ರಲ್ಲಿ ಅಚ್ಚಾದವು.